ಉಳಿದ ವ್ಯಾಟು ತಿಂದವರಾರು

ಹಳೆಯ ರೇಡಿಯೋ ಕಾದಾಗ ಬರುತ್ತಿದ್ದ ವಾಸನೆಯನ್ನು ಉಗ್ರಾಣದ ಅಕ್ಕ ಇಷ್ಟು ವರ್ಷವಾದರೂ ಮರೆತಿರಲಿಲ್ಲ. ಮೊದಲು ಧೂಳು ಹದವಾಗಿ ಹುರಿದ ವಾಸನೆ, ಅದರ ಬೆನ್ನಿಗೇ ಮರದ ಪೆಟ್ಟಿಗೆಯ ಮೆರುಗೆಣ್ಣೆಯ ವಾಸನೆ. ಗುಂಡಿ ತಿರುಗಿಸಿದ ಕೂಡಲೇ ಹಾಡುವ ಜಾತಿಯದಲ್ಲ ಅದು. ಒಳಗಿನ ಗಾಜಿನ ಕೊಳವೆಗಳು ನಿಧಾನವಾಗಿ ಕೆಂಪಗಾಗಬೇಕು, ವಾಸನೆ ನಡುಮನೆಯನ್ನೆಲ್ಲ ಸುತ್ತಿ ಬರಬೇಕು, ಆಮೇಲೆ ಎಲ್ಲೋ ದೂರದಿಂದ ಕೆಮ್ಮುತ್ತ ಹಾಡು ಬರುತ್ತಿತ್ತು.

ಚಿಕ್ಕಪ್ಪನಿಗೆ ಆ ರೇಡಿಯೋ ಕಂಡರೆ ಆಗುತ್ತಿರಲಿಲ್ಲ. "ತಿನ್ನೋದು ಒಲೆಯಷ್ಟು, ಹಾಡೋದು ಸೊಳ್ಳೆಯಷ್ಟು!" ಎಂದು ಗೊಣಗಿ, ಮೂಲೆಯಲ್ಲಿ ಕೂತಿದ್ದ ಹುಡುಗಿಯತ್ತ ತಿರುಗಿ, "ನಮ್ಮನೇಲಿ ಅಂಥವರು ಇಬ್ಬರು" ಎಂದು ಸೇರಿಸುತ್ತಿದ್ದರು. ಆ ಹುಡುಗಿ ಹೊಟ್ಟೆತುಂಬ ಉಣ್ಣುತ್ತಿದ್ದಳು, ಮಾತು ಮಾತ್ರ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿರಲಿಲ್ಲ.

"ಹಾಡದೆ ಇದ್ರೇನೋ, ಬೆಚ್ಚಗಿದೆಯಲ್ಲ" ಎನ್ನುತ್ತಿದ್ದಳು ಅಜ್ಜಿ. ಊಟಕ್ಕೆ ತಡವಾಗಿ ಬರುವವರ ತಟ್ಟೆಯನ್ನು ಮುಚ್ಚಿ ರೇಡಿಯೋದ ತಲೆಯ ಮೇಲೆ ಇಡುವುದು ಅವಳ ಪದ್ಧತಿ. ಹೆಚ್ಚಿನ ದಿನ ಆ ತಟ್ಟೆ ಚಿಕ್ಕಪ್ಪನದೇ ಆಗಿರುತ್ತಿತ್ತು. ಅವರು ತಣ್ಣಗಾಗದ ಅನ್ನವನ್ನು ಉಂಡು, ಕೈ ತೊಳೆದು, ಮತ್ತೆ ರೇಡಿಯೋವನ್ನು ಬೈಯುತ್ತಿದ್ದರು.

ಆ ಹುಡುಗಿಯೇ ಈಗಿನ ಉಗ್ರಾಣದ ಅಕ್ಕ. ಅವಳು ಕೆಲಸ ಮಾಡುತ್ತಿದ್ದುದು ರೈಲು ನಿಲ್ದಾಣದ ಒಂದು ತುದಿಯಲ್ಲಿದ್ದ ಕಳೆದ ವಸ್ತುಗಳ ಕಚೇರಿಯಲ್ಲಿ. ಜನ ರೈಲಿನಲ್ಲಿ ಏನೇನು ಬಿಟ್ಟು ಹೋಗುತ್ತಾರೆಂದು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕೊಡೆ, ಕನ್ನಡಕ, ಒಂಟಿ ಬೂಟು ಇವೆಲ್ಲ ಸರಿ. ಹಲ್ಲಿನ ಸೆಟ್ಟನ್ನು ಬಿಟ್ಟು ಹೋದವರಿದ್ದರು. ಮದುವೆಯ ಕೇಕನ್ನು ಬಿಟ್ಟು ಹೋದವರಿದ್ದರು. ಒಬ್ಬ ಮಹಾರಾಯ ಏಣಿಯನ್ನು ಬಿಟ್ಟು ಹೋಗಿದ್ದ. ಅಷ್ಟುದ್ದದ ಏಣಿಯನ್ನು ರೈಲಿನೊಳಗೆ ಹೇಗೆ ತಂದ ಎಂಬುದು ಇಂದಿಗೂ ಬಗೆಹರಿದಿಲ್ಲ.

ಕಚೇರಿಯಲ್ಲಿ ಇದ್ದವರು ಮೂವರು. ಮುಂದಿನ ಕಿಟಕಿಯಲ್ಲಿ ಕೂರುವವನನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಅವನು ಗುಟ್ಟು ಹೇಳಿದರೆ ಎರಡನೇ ಪ್ಲಾಟ್‌ಫಾರಂನವರೂ ತಲೆಯಾಡಿಸುತ್ತಿದ್ದರು. ಕಿಟಕಿಯ ಹಿಂದೆ ಕೋಟೆಯ ಗೋಡೆಯಂಥ ಒಂದು ಗೋಡೆ. ಗೋಡೆಯಾಚೆ ಉಗ್ರಾಣ, ಅಲ್ಲಿ ಅಕ್ಕ. ಪಕ್ಕದ ಕೋಣೆಯಲ್ಲಿ ಸಾಹೇಬರು.

ಸಾಹೇಬರಿಗೆ ಮಿತವ್ಯಯವೆಂದರೆ ಪ್ರಾಣ. ಪೆನ್ಸಿಲನ್ನು ಅದು ಉಗುರಿನಷ್ಟಾಗುವ ತನಕ ಬಿಡುತ್ತಿರಲಿಲ್ಲ. ಮಧ್ಯಾಹ್ನ ಮೇಜಿನ ಡ್ರಾಯರಿನಿಂದ ಒಣ ಬ್ರೆಡ್ ತೆಗೆದು, ಡ್ರಾಯರನ್ನು ಪೂರ್ತಿ ತೆರೆಯದೆಯೇ ತಿನ್ನುತ್ತಿದ್ದರು. ಆದರೆ ಕಿಟಕಿಯ ಮುಂದಿನ ಬೆಂಚಿನ ಕಾಲು ಅಲ್ಲಾಡುತ್ತಿದ್ದಾಗ, ಬೆಳಿಗ್ಗೆ ಯಾರೂ ಬರುವ ಮೊದಲು ರಟ್ಟು ಮಡಿಚಿ ಅದರಡಿಗೆ ಸಿಕ್ಕಿಸಿದವರೂ ಅವರೇ. ಅಕ್ಕ ಅದನ್ನು ನೋಡಿದ್ದಳು. ನೋಡಿದೆನೆಂದು ಹೇಳಿರಲಿಲ್ಲ.

ಮುಂಚೆ ಯಾರಾದರೂ ಕೊಡೆ ಕೇಳಿ ಬಂದರೆ ಮೈಕಣ್ಣ ಎದ್ದು, ಸುತ್ತು ಬಳಸಿ ಉಗ್ರಾಣಕ್ಕೆ ಬರಬೇಕಿತ್ತು. ಆ ಗೋಡೆಯ ಮುಂದೆ ಅವನ ಗಂಟಲೂ ಸೋಲುತ್ತಿತ್ತು. ಆಮೇಲೆ ಎರಡೂ ಕಡೆ ಕಂಪ್ಯೂಟರ್ ಬಂತು. ಗೋಡೆ ಕೊರೆದು ತಂತಿ ಹಾಕುವುದು ಬೇಡವೆಂದು, ಉಗ್ರಾಣದ ಕಂಪ್ಯೂಟರಿಗೆ ಒಂದು ವೈರ್‌ಲೆಸ್ ಕಾರ್ಡು ಕೊಟ್ಟರು. ಊಟದ ಡಬ್ಬಿಯಷ್ಟು ಅಗಲದ ಒಂದು ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಆ ಕಾರ್ಡು. ಪೆಟ್ಟಿಗೆಯ ಹಿಂದೆ ಎರಡು ಕಪ್ಪು ಕೊಂಬು. ಕರೆಂಟಿಗೆ ಅದರದೇ ಒಂದು ತಂತಿ. ಮೈಕಣ್ಣ ಅಲ್ಲಿ ಬೆರಳಚ್ಚು ಮಾಡಿದರೆ ಇಲ್ಲಿ ಕಾಣುತ್ತಿತ್ತು, ಅಕ್ಕ ಇಲ್ಲಿ ಉತ್ತರ ಬರೆದರೆ ಅಲ್ಲಿ. ಜೀವಮಾನದಲ್ಲಿ ಮೊದಲ ಸಲ ಅಕ್ಕನ ಮಾತು ಗೋಡೆ ದಾಟಿತ್ತು.

ಇನ್ನೊಂದು ಸುಖವಿತ್ತು. ಪೆಟ್ಟಿಗೆ ಸದಾ ಬೆಚ್ಚಗಿರುತ್ತಿತ್ತು. ಬಳಿ ಕೂತರೆ ಹುರಿದ ಧೂಳಿನ ವಾಸನೆ, ಅಜ್ಜಿಯ ರೇಡಿಯೋದ ದೂರದ ನೆಂಟನೇನೋ ಎಂಬಷ್ಟು ತೆಳ್ಳಗೆ. ಅಕ್ಕ ತನ್ನ ಊಟದ ಡಬ್ಬಿಯನ್ನು ಅದರ ಮೇಲಿಟ್ಟು, ವರ್ಷಗಟ್ಟಲೆ ಯಾರೂ ಕೇಳಲು ಬಾರದ, ನೆತ್ತಿಯ ಮೇಲೆ ಕುಚ್ಚಿದ್ದ ಒಂದು ಉಣ್ಣೆ ಟೋಪಿಯನ್ನು ಡಬ್ಬಿಗೆ ತೊಡಿಸುತ್ತಿದ್ದಳು. ಮಧ್ಯಾಹ್ನದವರೆಗೂ ಊಟ ಆರುತ್ತಿರಲಿಲ್ಲ.

ಇಷ್ಟರಲ್ಲಿ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಪ್ರತಿ ಕಚೇರಿಯೂ ತನ್ನ ಯಂತ್ರಗಳು ಎಷ್ಟು ಕರೆಂಟು ತಿನ್ನುತ್ತವೆಂದು ನೋಡಿ ತಿಳಿಸಬೇಕು. ಸಾಹೇಬರಿಗೆ ಹಬ್ಬ ಬಂದಷ್ಟು ಸಂಭ್ರಮ. ಒಂದು ಪುಟ್ಟ ಮೀಟರು ತರಿಸಿ ಕಚೇರಿಯೆಲ್ಲ ಓಡಾಡಿದರು. ದೀಪಕ್ಕೆ ಹಚ್ಚಿದರು, ಫ್ಯಾನಿಗೆ ಹಚ್ಚಿದರು, ಕೊನೆಗೆ ಉಗ್ರಾಣಕ್ಕೆ ಬಂದು ಕೊಂಬಿನ ಪೆಟ್ಟಿಗೆಗೆ ಹಚ್ಚಿದರು.

"ಎರಡು ವ್ಯಾಟು" ಎಂದರು. "ಪರವಾಗಿಲ್ಲ, ಮಿತಾಹಾರಿ. ಈಗ ಕೊಡೋದು ಎಷ್ಟು ಅಂತ ನೋಡೋಣ."

ಕಂಪ್ಯೂಟರಿನಲ್ಲಿ ಎಲ್ಲೆಲ್ಲೋ ಒತ್ತಿದ ಮೇಲೆ ಒಂದು ಸಾಲು ಸಿಕ್ಕಿತು: ಪ್ರಸಾರ ಶಕ್ತಿ, ಇಪ್ಪತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಸಾಹೇಬರ ಕನ್ನಡಕ ಅವರ ಕೋಣೆಯಲ್ಲಿತ್ತು. ಕನ್ನಡಕ ಸವೆಯಬಾರದೆಂದು ಅವರು ಅದನ್ನು ಹೆಚ್ಚು ಬಳಸುತ್ತಿರಲಿಲ್ಲ.

"ಅಕ್ಕಾ" ಎಂದರು. "ಎರಡು ತಿಂದು ಇಪ್ಪತ್ತು ಕೊಡ್ತಾ ಇದೆ!"

ಅಕ್ಕ ಪೆಟ್ಟಿಗೆಯತ್ತ ನೋಡಿದಳು. ಅದು ಎಂದಿನಂತೆ ಒಂದು ಹಸಿರು ಕಣ್ಣು ಮಿಟುಕಿಸುತ್ತ ಕೂತಿತ್ತು. ಇಷ್ಟು ದೊಡ್ಡ ಸಾಧನೆ ಮಾಡಿದವರ ಮುಖದಲ್ಲಿ ಕಾಣುವ ಗರ್ವ ಅದರಲ್ಲಿ ಇರಲಿಲ್ಲ.

"ಹಸುವಿಗೆ ಒಂದು ಹಿಡಿ ಹುಲ್ಲು ಹಾಕಿ ಬಕೆಟ್ ತುಂಬ ಹಾಲು ಕರೆದಂಗಾಯ್ತು ಸಾರ್!" ಎಂದು ಬಾಗಿಲಲ್ಲಿ ನಿಂತ ಮೈಕಣ್ಣ ಕೂಗಿದ. ಎರಡನೇ ಪ್ಲಾಟ್‌ಫಾರಂನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಸಾಹೇಬರು ಆಗಲೇ ಲೆಕ್ಕ ಹಾಕುತ್ತಿದ್ದರು. ಇಂಥ ಹತ್ತು ಪೆಟ್ಟಿಗೆ ತಂದು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದರೆ ಇಡೀ ನಿಲ್ದಾಣದ ದೀಪ ಉರಿಸಬಹುದು, ಇನ್ನೂ ಕೆಲವನ್ನು ತಂದರೆ ರೈಲನ್ನೇ ಓಡಿಸಬಹುದು. ಪರೀಕ್ಷೆಗೆಂದು ಒಂದು ಬಲ್ಬನ್ನು ಕೊಂಬುಗಳ ನಡುವೆ ಹಿಡಿದರು. ಹತ್ತಲಿಲ್ಲ. ಓರೆಯಾಗಿ ಹಿಡಿದರು. ಹತ್ತಲಿಲ್ಲ. "ಬಲ್ಬು ಸರಿಯಿಲ್ಲ" ಎಂದು ತೀರ್ಪು ಕೊಟ್ಟು, ಮೇಲಿನ ಕಚೇರಿಗೆ ಪತ್ರ ಬರೆದರು.

ಮೇಲಿನ ಕಚೇರಿಯಿಂದ ಉತ್ತರದ ಬದಲು ಒಬ್ಬ ಇಂಜಿನಿಯರಮ್ಮ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಕರವಸ್ತ್ರ. ಪಾಪ, ನೆಗಡಿಯಾಗಿ ಮೂಗು ಕೆಂಪಗಾಗಿತ್ತು. ಸಾಹೇಬರು ಕೋಟು ಹಾಕಿಕೊಂಡು ಕಾದಿದ್ದರು, ಮೈಕಣ್ಣ ತಲೆ ಬಾಚಿಕೊಂಡಿದ್ದ. ಅವಳು ಪರದೆಯನ್ನು ನೋಡಿದಳು, ಮೀಟರನ್ನು ನೋಡಿದಳು, ಸೀನಿದಳು.

"ಸರ್, ಈ ಇಪ್ಪತ್ತು ವ್ಯಾಟ್ ಅಲ್ಲ. ಪಕ್ಕದಲ್ಲಿ ಬರೆದಿದೆ ನೋಡಿ, ಡಿಬಿಎಂ ಅಂತ. ಅದು ಬೇರೆ ಥರದ ಅಳತೆ. ಅದರಲ್ಲಿ ಸೊನ್ನೆ ಅಂದ್ರೆ ಒಂದು ಮಿಲಿವ್ಯಾಟ್. ಅಂದ್ರೆ ವ್ಯಾಟಿನ ಸಾವಿರದಲ್ಲಿ ಒಂದು ಪಾಲು."

"ಸೊನ್ನೆ ಅಂದ್ರೂ ಒಂದಾ?"

"ಹೂಂ. ಹತ್ತು ಅಂದ್ರೆ ಅದರ ಹತ್ತರಷ್ಟು. ಇಪ್ಪತ್ತು ಅಂದ್ರೆ ನೂರರಷ್ಟು."

"ಇದ್ಯಾವ ನ್ಯಾಯಾನಮ್ಮ! ಇಪ್ಪತ್ತು ಅಂದ್ರೆ ನೂರು, ಸೊನ್ನೆ ಅಂದ್ರೆ ಒಂದು. ನಮ್ಮ ಕಚೇರೀಲಿ ಹೀಗೆ ಲೆಕ್ಕ ಬರೆದ್ರೆ ಒಳಗೆ ಹಾಕ್ತಾರೆ."

"ಒಟ್ಟಲ್ಲಿ ಕೊಂಬಿನಿಂದ ಹೊರಗೆ ಹೋಗೋದು ನೂರು ಮಿಲಿವ್ಯಾಟ್ ಸರ್. ಒಂದು ವ್ಯಾಟಿನ ಹತ್ತರಲ್ಲಿ ಒಂದು ಪಾಲು ಅಷ್ಟೆ. ಅದೂ ಮಾತಾಡೋ ಹೊತ್ತಲ್ಲಿ ಮಾತ್ರ."

ಸಾಹೇಬರ ಮುಖ ಬಿಳಿಚಿಕೊಳ್ಳುವುದನ್ನು ಅಕ್ಕ ನೋಡಿದಳು. ಮೆಲ್ಲಗೆ ಸ್ಟೂಲನ್ನು ಅವರ ಹಿಂದೆ ತಳ್ಳಿದಳು. ಅವರು ಕೂತರು, ಕೂತದ್ದು ಅವರಿಗೇ ಗೊತ್ತಾಗಲಿಲ್ಲ.

"ತಿಂದದ್ದು ಎರಡು" ಎಂದು ಬೆರಳು ಮಡಿಚಿದರು. "ಕೊಟ್ಟದ್ದು ಹತ್ತರಲ್ಲೊಂದು. ಹಾಗಾದ್ರೆ ಉಳಿದದ್ದು ಎಲ್ಲಿ?"

ಇಂಜಿನಿಯರಮ್ಮ ಬಾಯಿ ತೆರೆದಳು. ಬಂದದ್ದು ಉತ್ತರವಲ್ಲ, ಮತ್ತೊಂದು ಸೀನು. ಅಷ್ಟರಲ್ಲಿ ಹೊರಗೆ ಅವಳ ರೈಲು ಕೂಗಿತು. "ಪಕ್ಕದ ನಿಲ್ದಾಣ ನೋಡ್ಕೊಂಡು ಮಧ್ಯಾಹ್ನ ಬರ್ತೀನಿ ಸರ್, ಎಲ್ಲಾ ಹೇಳ್ತೀನಿ. ಅಲ್ಲೀವರೆಗೂ ದಯವಿಟ್ಟು ಏನನ್ನೂ ಮುಟ್ಟಬೇಡಿ" ಎಂದು ಓಡಿದಳು.

ಮುಟ್ಟಬೇಡಿ ಎಂದ ಮೇಲೆ ಸಾಹೇಬರ ಕೈ ಸುಮ್ಮನಿರುವುದುಂಟೆ? ಮೇಲಿನ ಕಚೇರಿಗೆ ಇಪ್ಪತ್ತು ಕೊಡುತ್ತದೆಂದು ಬರೆದಾಗಿತ್ತು. ಈಗ ಇದ್ದದ್ದೂ ಕಾಣೆಯಾಗಿದೆ ಎಂದರೆ ಮಾನ ಮೂರು ಕಾಸಿಗೆ ಹರಾಜು. ಕಳೆದ ವಸ್ತುಗಳ ಕಚೇರಿಯಲ್ಲೇ ವಸ್ತು ಕಳೆದರೆ ಜನ ಮೂಗಿನ ಮೇಲೆ ಬೆರಳಿಡುವುದಿಲ್ಲವೆ? ಅವರು ಎದ್ದು, ಕೋಟು ಸರಿಮಾಡಿಕೊಂಡು, ಸುತ್ತು ಬಳಸಿ ಹೊರಗೆ ಹೋಗಿ, ಸಾರ್ವಜನಿಕರು ನಿಲ್ಲುವ ಜಾಗದಲ್ಲಿ ಕಿಟಕಿಯ ಮುಂದೆ ನಿಂತರು.

"ಒಂದು ವಸ್ತು ಕಳೆದಿದೆ" ಎಂದರು.

ಮೈಕಣ್ಣ ನಿಯಮದ ಮನುಷ್ಯ. ಎದುರಿಗೆ ಅಪ್ಪ ಬಂದು ನಿಂತರೂ ಅವನ ಪ್ರಶ್ನೆಗಳು ಅವೇ. "ವಸ್ತು ಏನು?"

"ಸುಮಾರು ಎರಡು ವ್ಯಾಟು. ಸ್ವಲ್ಪ ಕಮ್ಮಿ."

"ಬಣ್ಣ?"

"ಕಣ್ಣಿಗೆ ಕಾಣೋದಿಲ್ಲ."

"ಕಾಣದ ಬಣ್ಣ" ಎಂದ ಮೈಕಣ್ಣ. "ಹೊಸದೋ ಹಳೇದೋ?"

"ಪ್ರತಿ ಕ್ಷಣವೂ ಹೊಸದು."

"ಕೊನೇ ಸಲ ನೋಡಿದ್ದು ಎಲ್ಲಿ?"

"ಉಗ್ರಾಣದ ಗೋಡೆಯ ಸಾಕೆಟ್ಟಲ್ಲಿ. ಒಳಗೆ ಹೋಗ್ತಾ ಇತ್ತು. ಹೊರಗೆ ಬರಲಿಲ್ಲ."

"ಜೊತೇಲಿ ಯಾರಿದ್ರು?"

ಸಾಹೇಬರು ಗೋಡೆಯತ್ತ ನೋಡಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕಪ್ಪ, ತಮ್ಮ ಕೊಡೆ ಕೇಳಲು ಬಂದವರು, ಕುತ್ತಿಗೆ ಚಾಚಿ ಕೇಳುತ್ತಿದ್ದರು. ಉಗ್ರಾಣದಲ್ಲಿ ಇರುವವರು ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಸಾಹೇಬರು ಕೆಟ್ಟವರಲ್ಲ. ಉಗ್ರಾಣಕ್ಕೆ ಬಂದು ಬಾಗಿಲಲ್ಲೇ ನಿಂತು, ಅಕ್ಕನ ಮುಖ ನೋಡಲಾಗದೆ ಏಣಿಯತ್ತ ನೋಡುತ್ತ ಹೇಳಿದರು. "ನೋಡಿ ಅಕ್ಕಾ, ನಿಮ್ಮ ಮೇಲೆ ಅನುಮಾನ ಅಂತಲ್ಲ. ಆದ್ರೆ ಮಾಲು ಕಾಣೆಯಾದ ಉಗ್ರಾಣಕ್ಕೆ ಬೀಗ ಹಾಕಬೇಕು ಅಂತ ನಿಯಮ ಇದೆ. ಸಂಜೆಯೊಳಗೆ ಸಿಕ್ಕಿದ್ರೆ ಸರಿ. ಇಲ್ದೆ ಹೋದ್ರೆ ನಾಳೆಯಿಂದ ನೀವು ಪ್ಲಾಟ್‌ಫಾರಂ ಮೇಲಿನ ವಿಚಾರಣೆ ಗೂಡಿಗೆ ಹೋಗಬೇಕಾಗುತ್ತೆ."

ವಿಚಾರಣೆ ಗೂಡೆಂದರೆ ಎರಡು ಹಳಿಗಳ ನಡುವಿನ ಗಾಜಿನ ಪೆಟ್ಟಿಗೆ. ಎಡಕ್ಕೊಂದು ರೈಲು, ಬಲಕ್ಕೊಂದು ರೈಲು, ಎದುರಿಗೆ ನೂರು ಜನ, ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಲೇ ಇರಬೇಕು. ಮೊದಲಿದ್ದವನ ಗಂಟಲು ಒಡೆದು ಈಗ ಅವನು ಮನೆಯಲ್ಲೂ ಕೈಸನ್ನೆ ಮಾಡುತ್ತಾನೆ. ಅಕ್ಕನ ದನಿಗೆ ಆ ಗಾಜು ದಾಟುವುದೇ ಕಷ್ಟ, ರೈಲಿನ ಮಾತು ಹಾಗಿರಲಿ. ಊರಿಗೆ ಹೋಗಬೇಕಾದವರು ಅವಳ ಉತ್ತರ ಕೇಳಿಸದೆ ಎಲ್ಲೆಲ್ಲಿಗೆ ಹೋಗಿ ಇಳಿಯುತ್ತಾರೋ! ಉಗ್ರಾಣದಲ್ಲಾದರೆ ಹಾಗಲ್ಲ. ಕಳೆದುಕೊಂಡವರು ಒಳಗೆ ಬಂದು, ಅದು ಯಾರು ಕೊಟ್ಟಿದ್ದು, ಯಾವಾಗ ಕೊಟ್ಟಿದ್ದು ಎಂದು ಹೇಳುತ್ತಿದ್ದರು, ಅವಳು ಕೇಳುತ್ತಿದ್ದಳು. ವಸ್ತು ಸಿಗದವರೂ ಅರ್ಧ ಹಗುರಾಗಿ ಹೋಗುತ್ತಿದ್ದರು.

"ಸದ್ಯಕ್ಕೆ ಸೋರಿಕೆ ನಿಲ್ಲಿಸೋಣ" ಎಂದು ಸಾಹೇಬರು ಕಂಪ್ಯೂಟರಿನ ಮುಂದೆ ಕೂತರು. ಇಪ್ಪತ್ತನ್ನು ಅಳಿಸಿ ಹತ್ತು ಮಾಡಿದರು. "ಕೊಡೋದು ಅರ್ಧ ಮಾಡಿದ್ರೆ ತಿನ್ನೋದೂ ಅರ್ಧ ಆಗಲೇಬೇಕು."

ಮೀಟರಿನ ಅಂಕಿ ಒಂಚೂರು ಅಲ್ಲಾಡಿ, ಅಲ್ಲೇ ನಿಂತಿತು.

"ಎಂಥಾ ಪಿಂಡವಪ್ಪ ಇದು!" ಎಂದು ಬೆವರೊರೆಸಿಕೊಂಡು ಸಾಹೇಬರು ತಮ್ಮ ಕೋಣೆಗೆ ಹೋದರು.

ಹೊರಗೆ ಮೈಕಣ್ಣ ಮುದುಕಪ್ಪನ ಕೊಡೆಯ ವಿವರ ಬರೆದು ಕಳಿಸಿದ. ಅಕ್ಕನ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿತು: ಕಪ್ಪು ಕೊಡೆ, ಹಿಡಿಯಲ್ಲಿ ಬಾತುಕೋಳಿಯ ತಲೆ, ಇದೆಯೇ? ಇತ್ತು. ಅಕ್ಕನ ಕೈಯಳತೆಯಲ್ಲೇ ಇತ್ತು. ಆ ಬಾತುಕೋಳಿ ಅವಳನ್ನೇ ನೋಡುತ್ತಿತ್ತು. 'ಇದೆ' ಎಂದು ಬರೆದು ಕಳಿಸಿದಳು. ಹಸಿರು ಕಣ್ಣು ಪಟಪಟ ಬಡಿದುಕೊಂಡಿತು.

ಮತ್ತೆ ಮೈಕಣ್ಣ: ಅಕ್ಕಾ, ಇದೆಯೇ?

ಇದೆ, ಎಂದಳು ಅಕ್ಕ.

ಇದೆಯೋ ಇಲ್ಲವೋ ಹೇಳಿ ಅಕ್ಕಾ, ಪಾಪ ವಯಸ್ಸಾದವರು ಕಾಯ್ತಿದ್ದಾರೆ.

ಇದೆ, ಇದೆ.

ಪೆಟ್ಟಿಗೆ ಹೇಳಿದ್ದನ್ನೇ ಹೇಳುತ್ತಿತ್ತು, ಮತ್ತೆ ಹೇಳುತ್ತಿತ್ತು. ದಪ್ಪ ಗೋಡೆ ಅದರ ಮಾತನ್ನೆಲ್ಲ ನುಂಗಿ ನೀರು ಕುಡಿಯುತ್ತಿತ್ತು. ಮೀಟರಿನ ಅಂಕಿ ಇಳಿಯುವ ಬದಲು ಮೆಲ್ಲಗೆ ಮೇಲೇರತೊಡಗಿತು. ಎಲ್ಲವೂ ಕೇಳಿಸುತ್ತಿದೆ, ಆಡಿದ ಮಾತು ಮಾತ್ರ ಯಾರನ್ನೂ ಮುಟ್ಟುತ್ತಿಲ್ಲ. ಈ ಪಾಡು ಅಕ್ಕನಿಗೆ ಹೊಸದಲ್ಲ. ಅವಳು ಪೆಟ್ಟಿಗೆಯ ಬೆನ್ನು ಸವರಿದಳು.

"ಪಾಪ" ಎಂದಳು. ಕೈ ಸುಮ್ಮನೆ ನಿಂತಿತು.

ಬೆಚ್ಚಗಿತ್ತು.

ಅವಳ ಕಣ್ಣು ಪೆಟ್ಟಿಗೆಯ ಮೇಲಿದ್ದ ಡಬ್ಬಿಗೆ ಹೋಯಿತು, ಡಬ್ಬಿಯ ತಲೆಯ ಮೇಲಿದ್ದ ಟೋಪಿಗೆ ಹೋಯಿತು. ಟೋಪಿ ತೆಗೆದು ಡಬ್ಬಿ ಮುಟ್ಟಿದಳು. ಬೆಚ್ಚಗಿತ್ತು. ಈ ಪೆಟ್ಟಿಗೆ ಬಂದಾಗಿನಿಂದ ದಿನವೂ ಮಧ್ಯಾಹ್ನ, ಒಂದು ಅಗುಳೂ ಬಿಡದೆ, ಅವಳು ತಿಂದದ್ದೇನು? ಸಾಹೇಬರ ಅನುಮಾನ ಸುಳ್ಳಲ್ಲ. ಚಿಕ್ಕಪ್ಪ ಹೇಳುತ್ತಿದ್ದುದೂ ಸುಳ್ಳಲ್ಲ.

ಬಚ್ಚಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಟೋಪಿಯನ್ನು ಕೊಡೆಗಳ ನಡುವೆ ತುರುಕಿ, ಡಬ್ಬಿಯನ್ನು ಚೀಲಕ್ಕೆ ಸೇರಿಸಿದ್ದರೆ ಮುಗಿಯಿತು. ಆದರೆ ಕಂಡವರ ವಸ್ತುವನ್ನು ಜೋಪಾನ ಮಾಡಿ ತಲೆ ನರೆತವಳು ಅವಳು. ಒಂದು ಕೈಯಲ್ಲಿ ಬಾತುಕೋಳಿ ಕೊಡೆ, ಇನ್ನೊಂದು ಕೈಯಲ್ಲಿ ಟೋಪಿ ತೊಟ್ಟ ಡಬ್ಬಿ ಹಿಡಿದು, ಸುತ್ತು ಬಳಸಿ ಕಿಟಕಿಯತ್ತ ಹೊರಟಳು.

ಇಂಜಿನಿಯರಮ್ಮ ಆಗತಾನೆ ರೈಲಿಳಿದು ಬಂದು ಬೆಂಚಿನ ಬಳಿ ನಿಂತಿದ್ದಳು. ಸಾಹೇಬರೂ ಅಲ್ಲಿಗೆ ಬಂದಿದ್ದರು. ಅಕ್ಕ ಮೊದಲು ಕೊಡೆಯನ್ನು ಮುದುಕಪ್ಪನ ಕೈಗಿತ್ತಳು. ಅವರು ಬಾತುಕೋಳಿಯ ಕೊಕ್ಕನ್ನು ಸವರಿ, ಕಣ್ಣೊರೆಸಿಕೊಂಡು, ಹೋಗಬೇಕಾದವರು ಹೋಗದೆ ಮತ್ತೆ ಬೆಂಚಿನ ಮೇಲೆ ಕೂತರು. ನಡೆಯುತ್ತಿದ್ದುದು ಅಷ್ಟು ಚೆನ್ನಾಗಿತ್ತು.

"ಸರ್" ಎಂದಳು ಅಕ್ಕ. "ಉಳಿದದ್ದನ್ನ ನಾನೇ ತಿಂದಿದ್ದು."

"ಏನಂದ್ರಿ?" ಎಂದರು ಸಾಹೇಬರು. ನಿಜವಾಗಿಯೂ ಕೇಳಿಸಿರಲಿಲ್ಲ.

"ವ್ಯಾಟು ತಿಂದಿದ್ದು ಅಕ್ಕಾನೇ ಅಂತೆ!" ಎಂದು ಮೈಕಣ್ಣ ಪ್ರಸಾರ ಮಾಡಿದ. ನಿಲ್ದಾಣದಲ್ಲೆಲ್ಲ ಜನ ತಿರುಗಿ ನೋಡಿದರು.

"ದಿನಾ ಊಟದ ಜೊತೆ ತಿಂದುಬಿಟ್ಟೆ ಸರ್. ಗೊತ್ತಿರಲಿಲ್ಲ. ಪೆಟ್ಟಿಗೆ ಬೆಚ್ಚಗಿತ್ತು, ಡಬ್ಬಿ ಇಡ್ತಿದ್ದೆ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ."

"ಹೊಟ್ಟೆಗೆ ಹಾಕ್ಕೊಂಡಿದ್ದು ನೀವಲ್ವಾ ಅಕ್ಕಾ!" ಎಂದ ಮೈಕಣ್ಣ.

ಸಾಹೇಬರು ಇಂಜಿನಿಯರಮ್ಮನತ್ತ ತಿರುಗಿದರು. ಇಂಥ ತಪ್ಪೊಪ್ಪಿಗೆಯನ್ನು ಏನು ಮಾಡಬೇಕೆಂದು ಅವರ ಯಾವ ನಿಯಮದಲ್ಲೂ ಇರಲಿಲ್ಲ. "ಇದು ಸಾಧ್ಯಾನಾ?"

ಇಂಜಿನಿಯರಮ್ಮ ನಗಲಿಲ್ಲ. ಅಕ್ಕನ ಮುಖ ನೋಡಿ ನಗು ತಡೆದಳೆಂದು ಕಾಣುತ್ತದೆ. ಟೋಪಿಯೆತ್ತಿ ಡಬ್ಬಿಯ ತಳ ಮುಟ್ಟಿದಳು.

"ಒಂದು ಲೆಕ್ಕದಲ್ಲಿ ಸಾಧ್ಯ" ಎಂದಳು. "ಕಾರ್ಡು ತಿಂದಿದ್ದೆಲ್ಲ ಕೊಂಬಿಗೇ ಹೋಗೋದಿಲ್ಲ ಸರ್. ಕೊಂಬಿನಿಂದ ಹೋಗೋದು ಮಾತಿನ ಸದ್ದು ಅಷ್ಟೆ. ಮಾತನ್ನ ಜೋಡಿಸಬೇಕು, ತಪ್ಪಿದ್ರೆ ತಿದ್ದಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕೇಳಿಸ್ಕೋಬೇಕು. ಯಾರೂ ಏನೂ ಹೇಳದೆ ಇದ್ರೂ ಈಗ ಹೇಳಬಹುದು, ಈಗ ಹೇಳಬಹುದು ಅಂತ ಇಡೀ ದಿನ ಕಿವಿ ತೆರ್ಕೊಂಡು ಕೂತಿರುತ್ತೆ. ಅದರ ಊಟ ಮುಗಿಯೋದು ಹೆಚ್ಚಾಗಿ ಅದಕ್ಕೇ."

"ಕೇಳೋದಕ್ಕೂ ಕರೆಂಟು ಬೇಕಾ?" ಎಂದ ಮೈಕಣ್ಣ. ಅವನಿಗೆ ಇದು ನಿಜಕ್ಕೂ ಹೊಸ ವಿಷಯ.

"ಬೇಕು. ಹಾಗೆ ಖರ್ಚಾಗಿದ್ದೆಲ್ಲ ಕೊನೆಗೆ ಶಾಖ ಆಗುತ್ತೆ. ಅದು ಕಳವಲ್ಲ ಸರ್, ಎಲ್ಲಾ ಯಂತ್ರದಲ್ಲೂ ಹೀಗೇ." ಅಷ್ಟರಲ್ಲಿ ಮೈಕಣ್ಣನ ಪರದೆಯ ಮೇಲೆ ಉತ್ತರವಿಲ್ಲದೆ ನಿಂತ ಪ್ರಶ್ನೆಗಳನ್ನು ನೋಡಿ, ಹುಬ್ಬೇರಿಸಿದಳು. "ಮುಟ್ಟಬೇಡಿ ಅಂದಿದ್ನಲ್ಲ? ಯಾರು ಇಪ್ಪತ್ತನ್ನ ಇಳಿಸಿದ್ದು?"

"ಹತ್ತು ಮಾಡಿದೆ" ಎಂದು ಸಾಹೇಬರು ತಮ್ಮ ಬೂಟಿಗೆ ಹೇಳಿದರು.

"ಇಪ್ಪತ್ತನ್ನ ಹತ್ತು ಮಾಡಿದ್ರೆ ಅರ್ಧ ಆಗೋದಿಲ್ಲ, ಹತ್ತರಲ್ಲಿ ಒಂದಾಗುತ್ತೆ. ಪಾಪದ್ದು ಗೋಡೆ ದಾಟೋಕಾಗ್ದೆ ಹೇಳಿದ್ದನ್ನೇ ಹೇಳಿ ಸುಸ್ತಾಗಿದೆ. ಉಳಿಸೋಕೆ ಹೋಗಿ ಜಾಸ್ತಿ ತಿನ್ನಿಸಿದ್ರಿ."

"ಅಂದ್ರೆ" ಎಂದು ಅಕ್ಕ ಮೆಲ್ಲಗೆ ಕೇಳಿದಳು, "ನಾನು ತಿಂದಿದ್ದು?"

"ಎರಡು ವ್ಯಾಟಲ್ಲಿ ಅನ್ನ ಬೇಯೋದಿಲ್ಲಮ್ಮ. ಆರೋದು ಸ್ವಲ್ಪ ತಡ ಆಗುತ್ತೆ, ಅಷ್ಟೆ. ನೀವು ತಿನ್ನದೆ ಇದ್ದಿದ್ರೂ ಅದು ಗಾಳಿಗೆ ಹೋಗ್ತಿತ್ತು. ಆದ್ರೆ ಮೇಲೆ ಇಡಬೇಡಿ, ಅಲ್ಲಿ ಗಾಳಿ ಆಡೋ ಕಿಂಡಿ ಇದೆ, ಅದಕ್ಕೆ ಉಸಿರು ಕಟ್ಟುತ್ತೆ. ಪಕ್ಕಕ್ಕೆ ತಾಗಿಸಿ ಇಡಿ."

ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆದರು. ಇಂಜಿನಿಯರಮ್ಮನ ಮಾತು ಎಷ್ಟು ಅರ್ಥವಾಯಿತೋ ಬಿಟ್ಟಿತೋ, ಒಂದು ಮಾತ್ರ ಅವರ ತಲೆಗೆ ಹೊಳೆದಿತ್ತು. "ಕಳೆದದ್ದು ಸಿಕ್ಕಿದ ಮೇಲೆ ಬೀಗ ಹಾಕೋ ಹಾಗಿಲ್ಲ" ಎಂದು ಗಟ್ಟಿಯಾಗಿ ಹೇಳಿದರು. "ಆದ್ರೆ ಗುರುತು ಹಿಡೀಬೇಕು. ಗುರುತು ಹಿಡೀದೆ ಯಾವ ವಸ್ತುವನ್ನೂ ಸಿಕ್ಕಿದೆ ಅಂತ ಬರೆಯೋಕಾಗಲ್ಲ."

"ಗುರುತೇನು ಸಾರ್?" ಎಂದ ಮೈಕಣ್ಣ.

ಎಲ್ಲರೂ ಸುತ್ತು ಬಳಸಿ ಉಗ್ರಾಣಕ್ಕೆ ಹೋದರು. ಮುದುಕಪ್ಪನೂ ಕೊಡೆ ಊರಿಕೊಂಡು ಹಿಂದೆಯೇ ಹೋದರು. ಇಂಜಿನಿಯರಮ್ಮ ಹತ್ತನ್ನು ಅಳಿಸಿ ಇಪ್ಪತ್ತು ಮಾಡಿದಳು. ಗೋಡೆಯಾಚೆ ಖಾಲಿ ಕಿಟಕಿಯಲ್ಲಿ ಮೈಕಣ್ಣನ ಕಂಪ್ಯೂಟರ್ 'ಇದೆ, ಇದೆ, ಇದೆ, ಇದೆ' ಎಂದು ಟಣ್ ಟಣ್ ಬಾರಿಸತೊಡಗಿತು. ಸಾಹೇಬರು ಮುಂದೆ ಬಂದು, ಎಂದೂ ಯಾವ ಯಂತ್ರವನ್ನೂ ಹಾಗೆ ಮುಟ್ಟದವರು, ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟರು. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಆ ಕೈ ಎಷ್ಟು ತಣ್ಣಗಿದ್ದಿರಬಹುದೆಂದು ಅಕ್ಕ ಯೋಚಿಸಿದಳು.

"ಹೌದು" ಎಂದರು ಕೊನೆಗೆ. "ಇದೇ. ಅಕ್ಕ ಇಲ್ಲೇ ಇರಲಿ."

ಅಕ್ಕ ಡಬ್ಬಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ತಾಗಿಸಿ ಇಟ್ಟಳು.

ಇಂಜಿನಿಯರಮ್ಮನ ರೈಲಿಗೆ ಹೊತ್ತಾಗಿತ್ತು. ಅಕ್ಕ ಆ ಉಣ್ಣೆ ಟೋಪಿಯನ್ನು ಕೊಡವಿ, "ನೆಗಡಿಗೆ ಒಳ್ಳೇದಮ್ಮ, ಕೇಳೋರು ಯಾರೂ ಇಲ್ಲ, ತಗೊಂಡು ಹೋಗು" ಎಂದು ಅವಳ ತಲೆಗೆ ತೊಡಿಸಿದಳು. ಕುಚ್ಚು ಅಲ್ಲಾಡಿಸುತ್ತ ಅವಳು ಹೋದಳು. ಮುದುಕಪ್ಪ ಎಲ್ಲರಿಗೂ ಕೈ ಮುಗಿದು ಹೊರಟರು. ಮೈಕಣ್ಣ ಕಿಟಕಿಗೆ ಹಿಂತಿರುಗಿ, ನಡೆದದ್ದನ್ನೆಲ್ಲ ಗುಟ್ಟಾಗಿ ಒಬ್ಬ ಪ್ರಯಾಣಿಕನಿಗೆ ಹೇಳತೊಡಗಿದ. ಇಡೀ ನಿಲ್ದಾಣ ಕೇಳಿತು. ಆದರೆ ಹೇಳಿ ಮುಗಿಸಿದ ಮೇಲೆ, ಆ ಪ್ರಯಾಣಿಕ ತನ್ನ ಕಳೆದ ಕೈಗಡಿಯಾರದ ಬಗ್ಗೆ ಹೇಳಲು ಶುರುಮಾಡಿದಾಗ, ಮೈಕಣ್ಣ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದನಂತೆ. ಅದನ್ನು ಅವನೇ ಆಮೇಲೆ, ಬಹಳ ಆಯಾಸವಾದವನಂತೆ, ಅಕ್ಕನಿಗೆ ಬೆರಳಚ್ಚು ಮಾಡಿ ತಿಳಿಸಿದ.

ಸಾಹೇಬರು ಮಾತ್ರ ಉಗ್ರಾಣದಲ್ಲೇ ನಿಂತಿದ್ದರು. ಏಣಿಯ ಮೆಟ್ಟಿಲೊಂದರ ಧೂಳನ್ನು ಬೆರಳಿನಿಂದ ಒರೆಸಿದರು. ಮೀಟರನ್ನು ಸಾಕೆಟ್ಟಿನಿಂದ ಬಿಡಿಸಿದರು, ತಂತಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಮೇಲಿನ ಕಚೇರಿಗೆ ಏನು ಬರೀಲಿ ಅಕ್ಕಾ?" ಎಂದರು. "ಇಪ್ಪತ್ತು ಕೊಡುತ್ತೆ ಅಂದಿದ್ದೆ."

"ಬೆಚ್ಚಗಿದೆ ಅಂತ ಬರೀರಿ ಸರ್."

ಸಾಹೇಬರು ತಲೆಯಾಡಿಸಿದರು. ಬೆಳಗಿನಿಂದ ಓಡಾಡಿದ್ದರಿಂದ ಡ್ರಾಯರಿನ ಬ್ರೆಡ್ಡಿನ ನೆನಪು ಅವರಿಗಾಗಿರಲಿಲ್ಲ. ಈಗ ಹೊಟ್ಟೆಯೇ ನೆನಪಿಸಿ, ನಿಶ್ಶಬ್ದವಾದ ಉಗ್ರಾಣದಲ್ಲಿ ಗುರ್ರೆಂದಿತು. ಅವರು ಕೆಮ್ಮಿ ಅದನ್ನು ಮುಚ್ಚಿಹಾಕಲು ನೋಡಿದರು.

"ಸಿಕ್ಕಿದ ವಸ್ತುವನ್ನ ಮಾಲೀಕರು ಖುದ್ದಾಗಿ ಬಂದು ತಗೋಬೇಕು ಅಂತ ನಿಯಮ ಇದೆಯಲ್ಲ ಸರ್" ಎಂದಳು ಅಕ್ಕ. ಅವಳ ದನಿ ಎಂದಿನಷ್ಟೇ ಇತ್ತು. ಈ ಸಲ ಅವರಿಗೆ ಕೇಳಿಸಿತು.

"ಇದೆ" ಎಂದರು.

ಅಕ್ಕ ಸ್ಟೂಲನ್ನು ಪೆಟ್ಟಿಗೆಯ ಬಳಿಗೆ ಎಳೆದಿಟ್ಟಳು. ಡಬ್ಬಿಯ ಮುಚ್ಚಳ ತೆಗೆದು, ಚಮಚವನ್ನು ಸೆರಗಿನಿಂದ ಒರೆಸಿ, ಇನ್ನೂ ಆರದಿದ್ದ ಅನ್ನವನ್ನು ಅವರ ಕೈಗಿತ್ತಳು.